ಚಕ್ಕೋತ ಕಡಿಯೋ ಮುಂಚೆ ನಾಲ್ಕು ಗೂಟಿ ಕಟ್ಟಿ

ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೆ ಮರ ಎಲ್ಲಿವೆ? 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಜಮೀನಿನ ಬೆಲೆ ಏರಿತು, ತೋಟಗಳು ಲೇಔಟ್ ಆದವು. ಜೊತೆಗೆ ಹಿತ್ತಲ ಚಕ್ಕೋತವೂ ಹೋಯಿತು.

ತಿನ್ನಲು ಗೊತ್ತಿಲ್ಲದವರು ಈ ಹಣ್ಣು ಕಹಿ ಅಂತಾರೆ. ಕಹಿ ಇರೋದು ತೊಳೆಯ ಪೊರೆಯಲ್ಲಿ. ಅದನ್ನು ಪೂರ್ತಿ ಬಿಡಿಸಿ, ಚೂರು ಉಪ್ಪು, ಖಾರದ ಪುಡಿ ಉದುರಿಸಿ ತಿಂದು ನೋಡಿ. ಹೆಸರುಬೇಳೆ ಕೋಸಂಬರಿಗೆ ನಿಂಬೆರಸದ ಬದಲು ಇದನ್ನೇ ಉದುರಿಸಿ ಹಾಕಬಹುದು. ಸಿಪ್ಪೆ ದಪ್ಪ, ಹಾಗಾಗಿ ಕೊಯ್ದ ಹಣ್ಣು ಬೇಗ ಕೆಡುವುದಿಲ್ಲ.

ಒಳ್ಳೇ ರುಚಿಯ ಮರವಿದ್ದರೆ ಬೀಜ ಹಾಕಿ ಕಾಯಬೇಡಿ. ಬೀಜದ ಸಸಿ ತಾಯಿಮರದಂತೆಯೇ ಬರುತ್ತೆಂಬ ಭರವಸೆಯಿಲ್ಲ, ಫಲಕ್ಕೂ ತಡ. ಗೂಟಿಯೇ ಸರಿ. ಮಳೆಗಾಲದ ಆರಂಭದಲ್ಲಿ ಪೆನ್ಸಿಲ್ ದಪ್ಪದ ಬಲಿತ ರೆಂಬೆ ಆರಿಸಿ. ಒಂದಂಗುಲದಷ್ಟು ತೊಗಟೆ ಸುತ್ತಲೂ ತೆಗೆಯಿರಿ. ಒದ್ದೆ ಪಾಚಿ ಇಟ್ಟು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟಿ. ಬೇರು ಚೆನ್ನಾಗಿ ತುಂಬಿದ ಮೇಲೆ ಕತ್ತರಿಸಿ ನೆರಳಲ್ಲಿ ಹದಗೊಳಿಸಿ, ಆಮೇಲೆ ನೆಡಿ.

ಇದಕ್ಕೆ ಎಕರೆಗಟ್ಟಲೆ ಜಾಗ ಬೇಡ. ಹಿತ್ತಲ ಮೂಲೆ ಸಾಕು, ನೀರು ನಿಲ್ಲಬಾರದು ಅಷ್ಟೇ. ಕಷ್ಟಕ್ಕೆ ಜಮೀನು ಮಾರಿದವರನ್ನು ದೂರಿ ಫಲವಿಲ್ಲ. ಮಾರುವವರೂ ಮರಕ್ಕೆ ಕೊಡಲಿ ಬೀಳೋ ಮುಂಚೆ ನಾಲ್ಕು ಗೂಟಿ ಕಟ್ಟಲಿ. ಮಣ್ಣು ಹೋದರೂ ಅಜ್ಜನ ಮರದ ರುಚಿ ಮನೆಯಲ್ಲಿರುತ್ತೆ.