ಹಚ್ಚಿದ ಔಷಧಿ ಎಲ್ಲಿಗೆ ಹೋಯಿತು?



ತುರಿಕೆಗೆ ಮುಲಾಮು ಹಚ್ಚಿಕೊಳ್ಳುತ್ತೇವೆ. ಸ್ವಲ್ಪ ಹೊತ್ತಿಗೆ ಅದು ಕಾಣುವುದಿಲ್ಲ. ಬಟ್ಟೆಗೆ ಅಂಟಿದ್ದೆಷ್ಟು? ಚರ್ಮ ದಾಟಿ ರಕ್ತ ಸೇರಿದ್ದೆಷ್ಟು? ಕಣ್ಣಿಂದ ನೋಡಿ ಹೇಳೋಕಾಗಲ್ಲ. ಆದರೆ ವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿದ್ದಾರೆ. ಹೇಗೆ ಅಂತ ನಾನು ತಿಳಿದುಕೊಂಡಷ್ಟನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಚರ್ಮದ ಎಲ್ಲಕ್ಕಿಂತ ಹೊರಗೆ ಸತ್ತ ಜೀವಕೋಶಗಳ ಒಂದು ತೆಳು ಪದರ ಇದೆ. ಮುಂಗೈ ಮೇಲೆ ಅದರ ದಪ್ಪ ಮಿಲಿಮೀಟರಿನ 50ರಲ್ಲಿ ಒಂದು ಪಾಲಿನಷ್ಟು. ಒಳಗೆ ಹೋಗುವುದನ್ನು ಮುಖ್ಯವಾಗಿ ತಡೆಯುವುದು ಇದೇ. ಆದರೆ ಪೂರ್ತಿ ತಡೆಯುವುದಿಲ್ಲ.

ಗುರುತು ಹಾಕುವ ಉಪಾಯ

ಸಂತೆಯಲ್ಲಿ ನೂರಾರು ಕುರಿ ಸೇರಿದಾಗ ತನ್ನದು ಯಾವುದು ಅಂತ ತಿಳಿಯಲು ಕುರಿಯವನು ಬಣ್ಣದ ಗುರುತು ಹಾಕಿರುತ್ತಾನೆ. ವಿಜ್ಞಾನಿಗಳು ಔಷಧಿಗೆ ಹಾಕುವ ಗುರುತು ಕಾರ್ಬನ್-14. ಇದನ್ನು 1940ರಲ್ಲಿ ಅಮೆರಿಕದ ಕಾಮೆನ್ ಮತ್ತು ರೂಬೆನ್ ಕಂಡುಹಿಡಿದರು. ಔಷಧಿಯ ಅಣುವಿನಲ್ಲಿರುವ ಸಾಮಾನ್ಯ ಕಾರ್ಬನ್ ಬದಲು ಇದನ್ನು ಸೇರಿಸುತ್ತಾರೆ. ದೇಹಕ್ಕೆ ಎರಡೂ ಒಂದೇ. ಆದರೆ ಕಾರ್ಬನ್-14 ವಿಕಿರಣ ಸೂಸುತ್ತದೆ. ಅದನ್ನು ಉಪಕರಣ ಎಣಿಸುತ್ತದೆ. ಬಹಳ ಕಡಿಮೆ ಪ್ರಮಾಣ ಇದ್ದರೂ ಸಿಕ್ಕಿಬೀಳುತ್ತದೆ.

ಈ ಉಪಾಯವನ್ನು ಜೀವಿಗಳಲ್ಲಿ ಮೊದಲು ಬಳಸಿದವರು ಹೆವೆಸಿ. 1923ರಲ್ಲಿ ಅವರು ಅವರೆ ಜಾತಿಯ ಗಿಡ ಸೀಸವನ್ನು ಹೇಗೆ ಹೀರುತ್ತದೆಂದು ನೋಡಿದರು. ಅವರಿಗೆ 1943ರ ನೊಬೆಲ್ ಬಹುಮಾನ ಬಂತು.

ವಿಕಿರಣ ಅಂದ ಕೂಡಲೇ ಹೆದರಿಕೆ ಆಗುತ್ತೆ, ಅಲ್ವಾ? ಕಾರ್ಬನ್-14ರ ಕಿರಣ ಬಹಳ ದುರ್ಬಲ, ಬಳಸುವುದೂ ಅತಿ ಸ್ವಲ್ಪ. ಆದರೂ ಅನುಮತಿ ಮತ್ತು ತರಬೇತಿ ಇಲ್ಲದೆ ಯಾರೂ ಮುಟ್ಟುವಂತಿಲ್ಲ.

ಲೆಕ್ಕ ಹೇಗೆ?

1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಅವರು ಗುರುತು ಹಾಕಿದ ಹೈಡ್ರೋಕಾರ್ಟಿಸೋನ್ ಔಷಧಿಯನ್ನು ಮೈಯ ಬೇರೆ ಬೇರೆ ಜಾಗಕ್ಕೆ ಅಳತೆ ಮಾಡಿ ಹಚ್ಚಿದರು. 5 ದಿನ ಮೂತ್ರ ಸಂಗ್ರಹಿಸಿ ಅದರಲ್ಲಿ ಗುರುತು ಎಷ್ಟಿದೆ ಎಂದು ಎಣಿಸಿದರು. ಆದರೆ ಒಳಗೆ ಹೋದದ್ದೆಲ್ಲ ಮೂತ್ರದಲ್ಲೇ ಬರುವುದಿಲ್ಲ. ಅದಕ್ಕೆ ಸೂಜಿಯಿಂದ ನೇರ ರಕ್ತಕ್ಕೆ ಕೊಟ್ಟೂ ನೋಡುತ್ತಾರೆ. ಹಾಗೆ ಕೊಟ್ಟ 100 ಪಾಲಿನಲ್ಲಿ 50 ಮೂತ್ರಕ್ಕೆ ಬಂತು ಅನ್ನೋಣ. ಹಚ್ಚಿದಾಗ 1 ಪಾಲು ಬಂದರೆ, ಒಳಗೆ ಹೋದದ್ದು 2 ಪಾಲು. ನಮ್ಮ ತ್ರೈರಾಶಿಯೇ!

ಮುಂಗೈಯನ್ನು 1 ಎಂದು ಇಟ್ಟುಕೊಂಡರೆ ಅವರಿಗೆ ಸಿಕ್ಕಿದ್ದು ಹೀಗೆ:

ಅಂಗಾಲು – 0.14
ಅಂಗೈ – 0.83
ಬೆನ್ನು – 1.7
ನೆತ್ತಿ – 3.5
ಕಂಕುಳು – 3.6
ಹಣೆ – 6
ದವಡೆ – 13

ಒಂದೇ ಮುಲಾಮು, ಆದರೆ ದವಡೆಯಲ್ಲಿ 13 ಪಟ್ಟು! ಹೈಡ್ರೋಕಾರ್ಟಿಸೋನ್ ಒಂದು ಸ್ಟೀರಾಯ್ಡ್. ಬೆಳ್ಳಗಾಗಲಿ ಅಂತ ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮು ತಂದು ಮುಖಕ್ಕೆ ಹಚ್ಚುವವರು ಈ ಪಟ್ಟಿ ನೋಡಬೇಕು. ಡಾಕ್ಟರು ಹೇಳದೆ ಹಚ್ಚಲೇಬಾರದು.

ಹೊಲದ ಔಷಧಿ

ಗಾಯಕ್ಕೆ ಹಚ್ಚುವುದಕ್ಕೂ ಔಷಧಿ ಅಂತೀವಿ, ಬೆಳೆಗೆ ಹೊಡೆಯುವುದಕ್ಕೂ ಔಷಧಿ ಅಂತೀವಿ. ಚರ್ಮಕ್ಕೂ ಇವೆರಡರ ಭೇದ ಗೊತ್ತಿಲ್ಲ. 1971ರಲ್ಲಿ ಇವರ ತಂಡ ಪ್ಯಾರಾಥಿಯಾನ್ ಎಂಬ ಕೀಟನಾಶಕದ ಲೆಕ್ಕವನ್ನು ಪ್ರಕಟಿಸಿತು. ಹಚ್ಚಿದ 100 ಪಾಲಿನಲ್ಲಿ ಮುಂಗೈಯಿಂದ ಸುಮಾರು 9, ಅಂಗೈಯಿಂದ 12, ನೆತ್ತಿಯಿಂದ 32, ಹಣೆಯಿಂದ 36, ಕಂಕುಳಿಂದ 64 ಪಾಲು ಒಳಗೆ ಹೋಗಿತ್ತು. ದುಡಿದು ಗಟ್ಟಿಯಾದ ಅಂಗೈಗೆ ಏನೂ ಆಗಲ್ಲ ಅನ್ನುವವರು ಅಂಗೈಯ ಅಂಕಿ ನೋಡಲಿ. ಪ್ಯಾರಾಥಿಯಾನ್ ಈಗ ನಮ್ಮ ದೇಶದಲ್ಲಿ ನಿಷೇಧವಾಗಿದೆ. ಆದರೆ ಚರ್ಮ ದಾಟುವ ಬೇರೆ ಕೀಟನಾಶಕಗಳು ಇವೆ.

ಒಂದು ಬೇಸರದ ಮಾತನ್ನೂ ಹೇಳಬೇಕು. 1960 ಮತ್ತು 70ರ ದಶಕಗಳಲ್ಲಿ ಕ್ಯಾಲಿಫೋರ್ನಿಯದ ವ್ಯಾಕವಿಲ್ ಸೆರೆಮನೆಯಲ್ಲಿ ಮೈಬಾಕ್ ಮತ್ತು ಇನ್ನೊಬ್ಬ ವೈದ್ಯರು ಕನಿಷ್ಠ 2,600 ಕೈದಿಗಳ ಮೇಲೆ ಪ್ರಯೋಗ ನಡೆಸಿದ್ದರು. ಕೆಲವರಿಗೆ ಕೀಟನಾಶಕವನ್ನೂ ಹಚ್ಚಿದ್ದರು. ಒಪ್ಪಿಗೆ ಪಡೆದ ರೀತಿ ಸರಿಯಿರಲಿಲ್ಲವೆಂದು ಅವರ ವಿಶ್ವವಿದ್ಯಾಲಯ 2022ರ ಡಿಸೆಂಬರಿನಲ್ಲಿ ಕ್ಷಮೆ ಕೇಳಿತು. ಜ್ಞಾನ ಬೇಕು ನಿಜ, ಆದರೆ ಬೇಡ ಎನ್ನಲಾಗದವರ ಮೈಮೇಲೆ ಅದನ್ನು ಕಲಿಯಬಾರದು ಅಂತ ನನಗನ್ನಿಸುತ್ತದೆ.

ಗೆಳೆಯರೇ, ಮನೆಯಲ್ಲಿ ಔಷಧಿ ಹೊಡೆಯುವವರಿಗೆ ಈ ಅಂಕಿಗಳನ್ನು ಓದಿ ಹೇಳಿ. ತುಂಬು ತೋಳಿನ ಅಂಗಿ ಇರಲಿ, ತಲೆ ಮುಖ ಮುಚ್ಚಿರಲಿ, ಕೈಗೆ ರಬ್ಬರ್ ಗವಸು ಇರಲಿ. ಮೈಗೆ ಬಿದ್ದರೆ ಕೂಡಲೇ ಸೋಪು ಹಾಕಿ ತೊಳೆಯಬೇಕು. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು.

ನಿಮಗೊಂದು ಲೆಕ್ಕ: ಸೂಜಿಯಿಂದ ಕೊಟ್ಟ 100 ಪಾಲಿನಲ್ಲಿ 80 ಪಾಲು ಮೂತ್ರಕ್ಕೆ ಬಂತು. ಅಷ್ಟೇ ಔಷಧಿ ಚರ್ಮಕ್ಕೆ ಹಚ್ಚಿದಾಗ 4 ಪಾಲು ಬಂತು. ಚರ್ಮ ದಾಟಿದ್ದು ಎಷ್ಟು? ಉತ್ತರವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗೆ ಅಂಟಿಸಿ.