ಹಳೆಯ ಗಡಿ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಕಂಪ್ಯೂಟರ್ ನಕ್ಷೆಯಲ್ಲಿ ಜಿಲ್ಲೆಯ ಗಡಿ ಬದಲಾಯಿಸಿದರೆ ಹಳೆಯ ಗಡಿ ಅಳಿಸಿಹೋಗುತ್ತದೆಯೇ?

ಉತ್ತರ: ನಕ್ಷೆ ಮಾಡುವವರು ಎಚ್ಚರ ವಹಿಸದಿದ್ದರೆ ಅಳಿಸಿಹೋಗುತ್ತದೆ. ಹರಪನಹಳ್ಳಿ ತಾಲ್ಲೂಕನ್ನೇ ನೋಡಿ. 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಮುಂದೆ ಬಳ್ಳಾರಿಗೇ ಮರಳಿತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಊರು ಇದ್ದಲ್ಲೇ ಇದೆ, ವಿಳಾಸ ಮಾತ್ರ ಅಲೆದಾಡಿದೆ.

ಸುಲಭದ ದಾರಿಯೆಂದರೆ ಆಯಾ ವರ್ಷದ ನಕ್ಷೆಯನ್ನು ಬೇರೆ ಬೇರೆ ಪದರವಾಗಿ ಇಡುವುದು. ಆದರೆ ಎರಡು ಪದರಗಳ ನಡುವೆ ಏನು, ಯಾವತ್ತು ನಡೆಯಿತೆಂಬುದು ಅದರಲ್ಲಿ ಸಿಗದು. ಹಾಗಾಗಿ ಪ್ರತಿ ತಾಲ್ಲೂಕಿನ ದಾಖಲೆಗೂ ‘ಯಾವತ್ತಿನಿಂದ’, ‘ಯಾವತ್ತಿನವರೆಗೆ’ ಎಂಬ ಎರಡು ಕಾಲಂ ಸೇರಿಸುತ್ತಾರೆ. ಗಡಿ ಬದಲಾದಾಗ ಹಳೆಯ ಸಾಲನ್ನು ಅಳಿಸದೆ, ಅದಕ್ಕೆ ಮುಕ್ತಾಯದ ದಿನ ಬರೆದು, ಹೊಸ ಸಾಲು ತೆರೆಯುತ್ತಾರೆ. (ಪಹಣಿ, ಮ್ಯುಟೇಶನ್ ಕಂಡವರಿಗೆ ಇದು ಹೊಸದಲ್ಲ.) ಇನ್ನೂ ಅಚ್ಚುಕಟ್ಟಾಗಿ ಮಾಡುವವರು ಬದಲಾವಣೆ ಜಾರಿಯಾದ ದಿನದ ಜೊತೆಗೆ ಅದನ್ನು ಕಂಪ್ಯೂಟರಿಗೆ ಏರಿಸಿದ ದಿನವನ್ನೂ ಇಡುತ್ತಾರೆ. ಸರ್ಕಾರಿ ಆದೇಶ, ಡೇಟಾ ಎಂಟ್ರಿ ಎರಡೂ ಒಂದೇ ದಿನ ಆಗುವುದು ಅಪರೂಪ ತಾನೇ?

ಹಳೆಯ ಅಂಕಿಅಂಶ ಬಳಸುವಾಗ ಈ ದಿನಾಂಕಗಳು ನೆರವಾಗುತ್ತವೆ: 2011ರ ಜನಗಣತಿಯ ದಾವಣಗೆರೆ ಅಂಕಿಗಳಲ್ಲಿ ಹರಪನಹಳ್ಳಿಯೂ ಸೇರಿದೆ. ಅವನ್ನು ಇಂದಿನ ದಾವಣಗೆರೆಯ ಗಡಿಗೆ ನೇರವಾಗಿ ಹೊಂದಿಸಬೇಡಿ.