ಕಂಡವರು ತರಗತಿಗೆ ಬಂದರೆ...

ಸ್ವಾತಂತ್ರ್ಯ ದಿನಾಚರಣೆ ಎಂದರೆ ಒಂದು ಕಾಲಕ್ಕೆ ನಮ್ಮ ಶಾಲೆಗಳ ವೇದಿಕೆಯ ಮೇಲೆ ಖಾದಿ ಟೋಪಿಯ ಹಿರಿಯರೊಬ್ಬರು ಕಾಣಲೇಬೇಕಿತ್ತು. ಹಾರ, ಶಾಲು, ಎರಡು ಮಾತು, ಆಮೇಲೆ ಮಿಠಾಯಿ. ಅವರು ನಿಜಕ್ಕೂ ಏನು ಕಂಡರು, ಜೈಲಿನಲ್ಲಿ ಏನು ಉಂಡರು ಎಂದು ಮಕ್ಕಳು ಕೇಳುವ ಹೊತ್ತಿಗೆ ಮೈಕು ಬಿಚ್ಚಿ ಆಗಿರುತ್ತಿತ್ತು.

ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಕಳ್ಳು ಇಳಿಸುವ ಈಚಲು ಮರಗಳನ್ನು ಕಡಿದು ಜನ ಕಾನೂನು ಮುರಿದರು. ಎಸ್. ನಿಜಲಿಂಗಪ್ಪನವರು ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು. ಆವತ್ತು ಕೊಡಲಿ ಹಿಡಿದ 18ರ ತರುಣ ಬದುಕಿದ್ದರೆ ಈಗ ನೂರು ದಾಟಿರಬೇಕು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆ ಕಂಡು, ಕೊನೆಯವರೆಗೂ ಎಳೆಯರೊಡನೆ ಮಾತಾಡುತ್ತಲೇ ಇದ್ದ ಎಚ್.ಎಸ್. ದೊರೆಸ್ವಾಮಿಯವರು 2021ರ ಮೇನಲ್ಲಿ ತೀರಿಕೊಂಡಾಗ ಅವರಿಗೆ 103 ವರ್ಷ. ಆ ತಲೆಮಾರು ಹೆಚ್ಚುಕಡಿಮೆ ಮುಗಿದಂತೆಯೇ.

ಅಷ್ಟೇ ವಯಸ್ಸಿಗೆ 2025ರ ಮೇನಲ್ಲಿ ಬರ್ಲಿನ್ನಿನಲ್ಲಿ ಇನ್ನೊಬ್ಬರು ತೀರಿಕೊಂಡರು, ಮಾರ್ಗೊಟ್ ಫ್ರೀಡ್ಲೆಂಡರ್. ಹೈಸ್ಕೂಲಿನ ಸಮಾಜ ಪಾಠದಲ್ಲಿ ಹಿಟ್ಲರ್ ಬರುತ್ತಾನೆ, 60 ಲಕ್ಷ ಯಹೂದಿಗಳ ಕೊಲೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆ ಒಂದು ಸಾಲಿನೊಳಗೆ ಈ ಹೆಂಗಸಿನ ತಾಯಿಯೂ ತಮ್ಮನೂ ಇದ್ದರು. ತಾನು ಹೇಗೋ ಉಳಿದು, ಅಮೆರಿಕದಲ್ಲಿ ಆರು ದಶಕ ಕಳೆದ ಆಕೆ, 88ನೇ ವಯಸ್ಸಿನಲ್ಲಿ ಬರ್ಲಿನ್ನಿಗೇ ಮರಳಿದರು. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಎದುರು ಕೂತು ಹೇಳಿದರು, ಕೇಳಿದ್ದಕ್ಕೆ ಉತ್ತರ ಕೊಟ್ಟರು. ಎದುರಿಗಿದ್ದ ಮಕ್ಕಳಲ್ಲಿ ಎಷ್ಟೋ ಜನರ ಹಿರಿಯರು ಆ ಕಾಲದಲ್ಲಿ ಸುಮ್ಮನೆ ನೋಡುತ್ತ ನಿಂತವರು, ಕೆಲವರು ಕೈಯಾರೆ ಮಾಡಿದವರು. ಇಂಥ ಹಿರಿಯರು ಕಡಿಮೆಯಾಗುತ್ತಿದ್ದಾರೆಂದೇ ಸಿನಿಮಾ ನಿರ್ದೇಶಕ ಸ್ಪಿಲ್‌ಬರ್ಗ್ 1994ರಲ್ಲಿ ಒಂದು ಸಂಸ್ಥೆ ಕಟ್ಟಿ, 50 ಸಾವಿರಕ್ಕೂ ಹೆಚ್ಚು ಜನರ ಮಾತನ್ನು ಚಿತ್ರೀಕರಿಸಿಡುವ ಕೆಲಸ ಮಾಡಿಸಿದರು.

ನಮ್ಮಲ್ಲಿ ಹಳತನ್ನು ತೋರಿಸುವುದೆಂದರೆ ಕಲ್ಲು ತೋರಿಸುವುದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳಿವೆ. ಮಕ್ಕಳನ್ನು ಕರೆದುಕೊಂಡು ಹೋಗಬೇಕಾದ ಜಾಗವೇ ಹೌದು. ಆದರೆ "ಆವತ್ತು ನಿಮಗೆ ಹೆದರಿಕೆ ಆಗಲಿಲ್ವಾ?" ಎಂದು ಕೇಳಿದರೆ ಬಂಡೆ ಉತ್ತರ ಕೊಡುವುದಿಲ್ಲ.

ಉತ್ತರ ಕೊಡಬಲ್ಲವರು ಪಕ್ಕದ ಬೀದಿಯಲ್ಲಿ ಇರಬಹುದು. ಮಳೆ ಕಡಿಮೆಯ ಈ ಸೀಮೆಯಲ್ಲಿ 1965–66ರ ಬರವನ್ನೂ ಶಾಲೆಯಲ್ಲಿ ಕೊಡುತ್ತಿದ್ದ ಕೇರ್ ಉಪ್ಪಿಟ್ಟನ್ನೂ ನೆನೆಯುವವರನ್ನು ಹುಡುಕುವುದು ಕಷ್ಟವಲ್ಲ. ಅದಕ್ಕಿಂತ ಗಟ್ಟಿ ಸಂಗತಿ ಜೀತದ್ದು. ಅಪ್ಪ ಮದುವೆಗೋ ಕಾಳಿಗೋ ಸಾಲ ಮಾಡುವುದು, ಮಗನನ್ನು ಧಣಿಯ ಮನೆಯಲ್ಲಿ ದನ ಕಾಯಲು ಬಿಡುವುದು, ದುಡಿದದ್ದೆಲ್ಲ ಬಡ್ಡಿಗೆ ವಜಾ ಆಗಿ ಅಸಲು ಹಾಗೇ ನಿಲ್ಲುವುದು. ರಾಜ್ಯದ ಎಷ್ಟೋ ಹಳ್ಳಿಗಳ ಕಥೆ ಇದು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ ಬಂದು ಜೀತ ರದ್ದಾಯಿತು, ಆ ಸಾಲವೂ ಕಾನೂನಿನಲ್ಲಿ ಮನ್ನಾ ಆಯಿತು. ಕಾನೂನು ಬಂದ ಮರುದಿನವೇ ಎಲ್ಲ ಕಡೆ ನಿಲ್ಲಲಿಲ್ಲ ಅನ್ನುವುದು ಬೇರೆ ಮಾತು. ಆಗ 10 ವರ್ಷದವನಾಗಿದ್ದ ಹುಡುಗನಿಗೆ ಈಗ 60 ದಾಟಿದೆ, ಅಷ್ಟೇ.

ಜೀತವನ್ನೂ ಆ ನರಮೇಧವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ. ಕೇಳುವ ಕಷ್ಟ ಮಾತ್ರ ಒಂದೇ. ಧಣಿಯ ಮೊಮ್ಮಗ ಅದೇ ತರಗತಿಯ ಮೂರನೇ ಬೆಂಚಿನಲ್ಲಿ ಕೂತಿರಬಹುದು, ಜೀತಕ್ಕಿದ್ದವರ ಮೊಮ್ಮಗಳು ಮೊದಲನೆಯದರಲ್ಲಿ. ಅವಳಿಗೂ ನಾಚಿಕೆ, ಅವನಿಗೂ ಕಸಿವಿಸಿ. "ಹಳೇದನ್ನ ಯಾಕೆ ಕೆದಕ್ತೀರಿ ಮೇಷ್ಟ್ರೇ?" ಎಂದು ತಂದೆತಾಯಿಗಳು ಬಂದರೆ ಆಶ್ಚರ್ಯವಿಲ್ಲ. ಮನೆತನದ ಹೆಸರು ತರಗತಿಯಲ್ಲಿ ಬೇಡ, ಸರಿ. ಆದರೆ ಹೆಸರು ಬಿಡುವ ನೆಪದಲ್ಲಿ ಸಂಗತಿಯನ್ನೇ ನುಂಗಿಬಿಟ್ಟರೆ ಮಕ್ಕಳಿಗೆ ಸಿಗುವುದು ಮತ್ತದೇ ಪುಸ್ತಕದ ಒಂದು ಸಾಲು. ಆ ಮೂರನೇ ಬೆಂಚಿನ ಹುಡುಗ ಅಪರಾಧಿಯಲ್ಲ, ಅವನೂ ಕೇಳಬೇಕಾದವನು. ಇದನ್ನು ಮೇಷ್ಟ್ರು ಮುಂಚೆಯೇ ಆಡಿ ತೋರಿಸಬೇಕು.

ತಾತನನ್ನು ವೇದಿಕೆ ಹತ್ತಿಸುವುದು ಬೇಡ, ಮಕ್ಕಳ ನಡುವೆ ಕುರ್ಚಿ ಸಾಕು. ಯಾವುದನ್ನು ಕೇಳಬಾರದು ಎಂದು ಹಿಂದಿನ ದಿನವೇ ಅವರ ಮನೆಯಲ್ಲಿ ಕೂತು ತಿಳಿದುಕೊಳ್ಳುವುದು ಲೇಸು. ಅಳು ಬಂದರೆ ನೀರು ಕೊಟ್ಟು ಸುಮ್ಮನಿರಬೇಕು. ಅಳಿಸುವುದೇ ಕಾರ್ಯಕ್ರಮ ಆಗಬಾರದು. ನೆನಪು ಇಸವಿಯನ್ನು ತಪ್ಪಿಸುತ್ತದೆ, "ಇಂದಿರಾ ಗಾಂಧಿ ಕಾಲ" ಎನ್ನುವುದರಲ್ಲಿ ಹತ್ತಾರು ವರ್ಷ ಹಿಡಿಸುತ್ತವೆ. ಅಲ್ಲೇ ತಿದ್ದಲು ಹೋಗದೆ, ಆಮೇಲೆ ಬೇರೆ ಹಿರಿಯರನ್ನು ಕೇಳಿ, ಹಳೆಯ ಕಾಗದಪತ್ರ ನೋಡಿ ತಾಳೆ ಹಾಕುವುದು ಮಕ್ಕಳಿಗೇ ಒಳ್ಳೆಯ ಕೆಲಸ.

ಚಳ್ಳಕೆರೆ ತಾಲ್ಲೂಕಿಗೆ ಕೇಳಿ ಬರೆದುಕೊಳ್ಳುವ ರೂಢಿ ಹೊಸತಲ್ಲ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಅವರ ಹಾಡುಗಳನ್ನು ವಿದ್ವಾಂಸರು ಹಟ್ಟಿಗೇ ಬಂದು ಬರೆದುಕೊಂಡರು; ಹಂಪಿಯ ವಿಶ್ವವಿದ್ಯಾಲಯ ನಾಡೋಜ ಎಂದು ಗೌರವಿಸಿತು. ಈಗ ಮನೆಮನೆಯಲ್ಲಿ ಮೊಬೈಲು ಇದೆ, ಒಪ್ಪಿಗೆ ಕೇಳಿ ಧ್ವನಿ ಹಿಡಿದಿಡಬಹುದು. ಹಿಡಿದದ್ದನ್ನು ಊರಿಗೆಲ್ಲ ಹಂಚಬಾರದು. ಮಕ್ಕಳು ಬರೆದದ್ದನ್ನು ಮತ್ತೆ ಆ ಮನೆಗೆ ಒಯ್ದು ಓದಿ ಹೇಳಿ, ತಾತ "ಇದು ಬೇಡ ಮಗಾ" ಎಂದ ಸಾಲನ್ನು ಹೊಡೆದುಹಾಕಿ, ಒಂದು ಪ್ರತಿಯನ್ನು ಅವರ ಕೈಗೇ ಕೊಟ್ಟು ಬರಬೇಕು.